ಮರಿಸಿದ್ದಯ್ಯನಿಗೆ ಅಮ್ಮ ಬಂದಿರಲಿಲ್ಲ

ಮದ್ದೂರು–ಮಳವಳ್ಳಿ ಬಸ್ಸಿನ ಕಂಡಕ್ಟರ್ ಮರಿಸಿದ್ದಯ್ಯ ಹೋರಿಗೆ ಹೆದರುತ್ತಿರಲಿಲ್ಲ, ಹಾವಿಗೆ ಹೆದರುತ್ತಿರಲಿಲ್ಲ, ಟಿಕೆಟ್ಟಿಲ್ಲದೆ ಹತ್ತಿ ಕೂತ ಪೊಲೀಸಿನವರಿಗೂ ಹೆದರುತ್ತಿರಲಿಲ್ಲ. ಅವನು ಹೆದರುತ್ತಿದ್ದದ್ದು ಚುಚ್ಚುವ ವಸ್ತುಗಳಿಗೆ. ಒಮ್ಮೆ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಾಗ, ತೆಗೆಯಲು ಬಂದ ಹೆಂಡತಿ ಪುಟ್ಟಮಾದಮ್ಮನ ಕೈಯಲ್ಲಿ ಸೂಜಿ ಕಂಡು ಮುಳ್ಳಿನ ಸಮೇತ ಎದ್ದು ಓಡಿದ್ದ. ಮುಂದೆ ಮದ್ದೂರಿನ ಅರ್ಧ ಊರು ಗಾಡಿ ಕಟ್ಟುವಂತಾದದ್ದಕ್ಕೂ ಶಿಂಷಾ ಹೊಳೆಯ ದಡದಲ್ಲಿ ಅವನ ಮಾನ ಹರಾಜಾದದ್ದಕ್ಕೂ ಮೂಲ ಆ ಒಂದು ಹೆದರಿಕೆಯೇ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂಭಾಗಕ್ಕೆ ಇದ್ದಿಲ ಒಲೆಯೊಂದನ್ನು ಕಟ್ಟಿ, ಅದರ ಹೊಗೆಯಿಂದ ಬಸ್ಸು ಓಡಿಸುತ್ತಿದ್ದರು. ಓಡಿಸುತ್ತಿದ್ದವನು ಬಾಬು ಜಾನ್. ಡ್ರೈವರೂ ಅವನೇ, ಮೆಕ್ಯಾನಿಕ್ಕೂ ಅವನೇ. ಮರಿಸಿದ್ದಯ್ಯನಿಗೂ ಅವನಿಗೂ ಹನ್ನೊಂದು ವರ್ಷದ ಸ್ನೇಹ. ಮನೆಯೂ ಒಂದೇ ಸಾಲಿನಲ್ಲಿ, ನಡುವೆ ಒಂದು ಗೋಡೆ.

ಆ ವರ್ಷ ಶಿವರಾತ್ರಿಗೆ ಮುಂಚೆಯೇ ಬಿಸಿಲು ಏರಿತು. ಅದರ ಜೊತೆಗೆ ಸಿಡುಬೂ ಬಂತು. ಊರಿನವರು ಅದನ್ನು ಸಿಡುಬು ಅನ್ನುತ್ತಿರಲಿಲ್ಲ. ‘ಅಮ್ಮ ಬಂದವಳೆ’ ಅನ್ನುತ್ತಿದ್ದರು. ಹೆಲ್ತ್ ಇನ್‌ಸ್ಪೆಕ್ಟರ್ ಜವರಯ್ಯನವರು ಬಸ್ಸು ನಿಲ್ಲುವ ಅರಳಿಮರದಡಿ ಮೇಜು ಹಾಕಿಕೊಂಡು, ಇಳಿದವರನ್ನೂ ಹತ್ತುವವರನ್ನೂ ಹಿಡಿದು ಹಿಡಿದು ಸಿಡುಬು ತಡೆಯುವ ದಾಕು ಹಾಕತೊಡಗಿದರು. ಅವರ ಕೈಯಲ್ಲಿ ನಾಲ್ಕು ಹಲ್ಲಿನ ಒಂದು ಅಚ್ಚು ಇತ್ತು. ತೋಳಿನ ಮೇಲೆ ಮದ್ದು ಸವರಿ, ಅದರ ಮೇಲೆ ಅಚ್ಚನ್ನು ಇಟ್ಟು ಗಿರಕ್ಕನೆ ತಿರುಗಿಸುವುದು. ಮರಿಸಿದ್ದಯ್ಯ ಅದನ್ನು ದೂರದಿಂದಲೇ ನೋಡಿದ. ಅವನ ತೋಳು ತನ್ನಷ್ಟಕ್ಕೇ ಜುಮ್ಮೆಂದಿತು.

“ಎಲ್ಲಿ, ಕಂಡಕ್ಟರೇ, ತೋಳು ತೆಗಿ,” ಅಂದರು ಜವರಯ್ಯನವರು.

“ನಂಗ್ಯಾಕ್ ಸ್ವಾಮಿ?” ಮರಿಸಿದ್ದಯ್ಯ ಟೋಪಿ ತೆಗೆದು ಮುಖವನ್ನು ಮುಂದೆ ಚಾಚಿದ. “ನೋಡ್ಕಳಿ. ಅಮ್ಮ ಆಗ್ಲೇ ಬಂದು ಮೊಹರು ಒತ್ತಿ ಓಗವಳೆ.”

ಹಣೆ, ಕೆನ್ನೆ, ಗಲ್ಲದ ಮೇಲೆಲ್ಲ ಸಣ್ಣ ಸಣ್ಣ ಕುಳಿಗಳಿದ್ದವು. ಕುಳಿ ನಿಜ. ಅಮ್ಮ ಮಾತ್ರ ಸುಳ್ಳು. ಆರು ವರ್ಷದವನಿದ್ದಾಗ ಮರಿಸಿದ್ದಯ್ಯ ಸೋದರಮಾವನ ಆಲೆಮನೆಯಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ, ಕುದಿಯುವ ಕೊಪ್ಪರಿಗೆಗೆ ಕಬ್ಬಿನ ಜಲ್ಲೆ ಅದ್ದಲು ಹೋಗಿದ್ದ. ಜಲ್ಲೆ ಕೈಜಾರಿ ಬಿದ್ದು ಬೆಲ್ಲದ ಪಾಕ ಮುಖಕ್ಕೆ ಸಿಡಿಯಿತು. ಮಗ ಕಳ್ಳತನ ಮಾಡಲು ಹೋಗಿ ಸುಟ್ಟುಕೊಂಡ ಅನ್ನುವುದಕ್ಕಿಂತ ಅಮ್ಮ ಬಂದಿದ್ದಳು ಅನ್ನುವುದು ಮರ್ಯಾದೆಯೆಂದು ಅವನ ತಾಯಿಗೆ ತೋಚಿತು. ಆ ಮರ್ಯಾದೆ ಅವನ ಜೊತೆಯಲ್ಲೇ ಬೆಳೆಯಿತು. ಚಿಕ್ಕರಸಿನಕೆರೆಯಲ್ಲಿ ಇಬ್ಬರು ಮಕ್ಕಳನ್ನು ಸಿಡುಬಿಗೆ ಕಳೆದುಕೊಂಡಿದ್ದ ಒಬ್ಬ ತಂದೆ, ‘ಈ ಹುಡುಗನನ್ನು ಅಮ್ಮ ಮುಟ್ಟಿ ಬಿಟ್ಟವಳೆ, ಇನ್ನು ಭಯವಿಲ್ಲ’ ಎಂದು ಹುಡುಕಿಕೊಂಡು ಬಂದು ಮಗಳು ಪುಟ್ಟಮಾದಮ್ಮನನ್ನು ಧಾರೆಯೆರೆದುಕೊಟ್ಟ. ಆಮೇಲೆ ನಿಜ ಹೇಳುವುದಕ್ಕೆ ಒಳ್ಳೆಯ ದಿನವೇ ಸಿಗಲಿಲ್ಲ.

ಜವರಯ್ಯನವರು ಮುಖ ನೋಡಿ ತಲೆದೂಗಿದರು. “ಪುಣ್ಯವಂತ ನೀನು. ಒಂದು ಸಲ ಬಂದವನಿಗೆ ಸಿಡುಬು ಮತ್ತೆ ಬರೋದಿಲ್ಲ. ನಮ್ಮ ರಕ್ತದಲ್ಲಿ ಪಹರೆಯವರಿದ್ದಾರೆ ಅಂತ ತಿಳಕೋ. ಕಳ್ಳ ಒಂದು ಸಲ ನುಗ್ಗಿದ ಅಂದ್ರೆ ಅವನ ಮುಖ ಗುರುತಿಟ್ಟುಕೊಳ್ತಾರೆ. ಮತ್ತೆ ಬಂದರೆ ಬಾಗಿಲಲ್ಲೇ ಹಿಡೀತಾರೆ. ದಾಕು ಅಂದ್ರೆ ಬೇರೇನಲ್ಲ, ಆ ಕಳ್ಳನ ಕೈಲಾಗದ ತಮ್ಮನ್ನ ಮೊದಲೇ ತೋರಿಸೋದು.”

ಹಾಗೆಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು: ಮರಿಸಿದ್ದಯ್ಯ, ಕಂಡಕ್ಟರ್, ಸಿಡುಬು ಬಂದು ಹೋಗಿದೆ.

“ಡ್ರೈವರು?”

ಬಾಬು ಜಾನ್ ಬಸ್ಸಿನ ಅಡಿಯಲ್ಲಿ ಮಲಗಿ ಏನನ್ನೋ ಬಿಗಿಯುತ್ತಿದ್ದ. ಅಚ್ಚು ಇನ್ನೂ ಜವರಯ್ಯನವರ ಕೈಯಲ್ಲೇ ಇತ್ತು. ಮರಿಸಿದ್ದಯ್ಯನಿಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು. “ಅವ್ನ್ಗೂ ಆಗೈತೆ ಬುಡಿ ಸ್ವಾಮಿ, ವೊತ್ತಾಯ್ತದೆ,” ಎಂದು ಪೀಪಿ ಊದಿಯೇಬಿಟ್ಟ.

ಎರಡು ವಾರ ಕಳೆಯಿತು. ಒಂದು ದಿನ ಮಳವಳ್ಳಿಯಿಂದ ಬರುವಾಗ ಬಾಬು ಜಾನ್ ಸ್ಟಿಯರಿಂಗಿಗೆ ತಲೆ ಕೊಟ್ಟು, “ಸೊಂಟ ಮುರೀತೈತೆ ಅಣ್ಣಾ, ಮೈ ಕಾದ ಹೆಂಚಾಗೈತೆ,” ಅಂದ. ಮೂರು ದಿನ ಸುಡುವ ಜ್ವರ. ನಾಲ್ಕನೆಯ ದಿನ ಅವನ ಹೆಂಡತಿ ಹಾಜಿರಾ ಬೀ ಗೋಡೆಯಾಚೆಯಿಂದ ಕೂಗಿದಳು. ಮರಿಸಿದ್ದಯ್ಯ ಹೋಗಿ ಬಾಗಿಲಲ್ಲೇ ನಿಂತ. ಬಾಬು ಜಾನನ ಹಣೆ, ಮುಂಗೈ ತುಂಬ ಕೆಂಪು ಗುಳ್ಳೆ.

ಜವರಯ್ಯನವರು ಬಂದು ನೋಡಿ, ಸೋಂಕಿನವರನ್ನು ಇಡುತ್ತಿದ್ದ ಶೆಡ್ಡಿಗೆ ಇವತ್ತೇ ಸಾಗಿಸಬೇಕು ಅಂದರು. ಆ ಶೆಡ್ಡು ಶಿಂಷಾ ಹೊಳೆಯ ಆಚೆ ದಡದಲ್ಲಿತ್ತು. ಜೊತೆಗೆ ಯಾರಿರುವುದು? ಹಾಜಿರಾ ಬೀ ಆಗ ಏಳು ತಿಂಗಳ ಬಸುರಿ. ಅವಳಂತೂ ಕೂಡದು. ಜವರಯ್ಯನವರು ಜೇಬಿನಿಂದ ಪುಸ್ತಕ ತೆಗೆದು, ಸಿಡುಬು ಬಂದು ಹೋದವರ ಹೆಸರಿಗಾಗಿ ಹಾಳೆ ತಿರುವತೊಡಗಿದರು. ಮರಿಸಿದ್ದಯ್ಯ ಮೆಲ್ಲಗೆ ಹಿಂದಕ್ಕೆ ಸರಿದ. ಹಿಂದೆ ಹೋಟೆಲ್ಲಿನ ನಿಂಗಯ್ಯ ನಿಂತಿದ್ದ.

“ಇಲ್ಲೇ ಅವ್ನಲ್ಲ ನಮ್ ಮರಿಸಿದ್ದಯ್ಯ!” ಎಂದು ನಿಂಗಯ್ಯ ಅವನ ಎರಡೂ ಭುಜ ಹಿಡಿದು ಮುಂದಕ್ಕೆ ತಳ್ಳಿದ. “ಅಮ್ಮನ್ ಕೈಲಿ ಪಾಸಾದೋನು!”

“ನಂಗೆ ಸೊಂಟ…” ಅಂದ ಮರಿಸಿದ್ದಯ್ಯ.

“ಇವುನ್ಗೇನಾಯ್ತದೆ ಬುಡಿ ಸ್ವಾಮಿ,” ಅಂದಳು ಪುಟ್ಟಮಾದಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ. “ಕರ್ಕೊಂಡೋಗಿ. ಬಾಬಣ್ಣ ಬೇರೆಯಲ್ಲ, ಇವನು ಬೇರೆಯಲ್ಲ.”

ಹಾಜಿರಾ ಬೀ ಬಾಗಿಲ ಚೌಕಟ್ಟು ಹಿಡಿದು ಅವನನ್ನೇ ನೋಡಿದಳು. ಬೇಡ ಅನ್ನುವುದಕ್ಕೆ ಮರಿಸಿದ್ದಯ್ಯನಿಗೆ ಬಾಯಿ ಬರಲಿಲ್ಲ. ಆವತ್ತು ಅರಳಿಮರದಡಿ ‘ಅವ್ನ್ಗೂ ಆಗೈತೆ’ ಅಂದದ್ದು ತನ್ನದೇ ಬಾಯಿ ಎಂಬುದು ಅಲ್ಲಿ ಅವನೊಬ್ಬನಿಗೇ ನೆನಪಿತ್ತು.

ಅವನು ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. ತನ್ನ ಮುಖವನ್ನು ಬೆರಳಿಂದ ತೋರಿಸುತ್ತ ಪಿಸುಗುಟ್ಟಿದ. “ಲೇ, ಇದು ಅಮ್ಮ ಅಲ್ಲ ಕಣಮ್ಮಿ. ಬೆಲ್ಲ!”

“ಏನು?”

“ಬೆಲ್ಲ ಕಣಮ್ಮಿ, ಬೆಲ್ಲ!”

“ಅದ್ಯಾಕಿಂಗೆ ಗುಟ್ಟಾಗಿ ಕೇಳ್ತೀಯೆ?” ಎಂದು ಪುಟ್ಟಮಾದಮ್ಮ ಎರಡು ಅಚ್ಚು ಬೆಲ್ಲವನ್ನು ಪಂಚೆಯ ತುದಿಗೆ ಗಂಟು ಹಾಕಿ ಅವನ ಹೆಗಲ ಮೇಲೆ ಎಸೆದಳು. ಹೊರಗೆ ಗಾಡಿ ಸಿದ್ಧವಾಗಿತ್ತು.

ಶೆಡ್ಡಿನ ಮೊದಲ ದಿನವನ್ನು ಮರಿಸಿದ್ದಯ್ಯ ಬಾಗಿಲ ಹೊರಗೇ ಕಳೆದ. ಉದ್ದನೆಯ ಬಿದಿರಿನ ಗಳದ ತುದಿಗೆ ತಂಬಿಗೆ ಕಟ್ಟಿ, ಮುಖವನ್ನು ಅತ್ತ ತಿರುಗಿಸಿ, ಉಸಿರು ಬಿಗಿಹಿಡಿದು ನೀರನ್ನು ಒಳಕ್ಕೆ ಚಾಚುತ್ತಿದ್ದ. ಮುಕ್ಕಾಲು ನೀರು ನೆಲಕ್ಕೆ, ಉಳಿದದ್ದು ಬಾಬು ಜಾನನ ಕಿವಿಗೆ.

“ಅಣ್ಣಾ, ಯಾಕಿಷ್ಟು ದೂರ?”

“ಇನ್‌ಸ್ಪೆಕ್ಟ್ರು ಯೋಳವ್ರೆ. ಗಾಳಿ ಆಡ್ಬೇಕಂತೆ.”

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಮತ್ತೆ ದನಿ. “ಅಣ್ಣಾ, ನಿಂಗೆ ಬಂದಾಗ ಇಂಗೇ ಇತ್ತಾ?”

ಮರಿಸಿದ್ದಯ್ಯ ಬಿದಿರಿನ ಗಳವನ್ನು ಗೋಡೆಗೆ ಒರಗಿಸಿದ.

“ಯೋಳಣ್ಣಾ. ಎಷ್ಟ್ ದಿನಕ್ಕೆ ಕಮ್ಮಿ ಆಯ್ತು? ಹಾಜಿರಾಗೆ ಇನ್ನು ಎರಡೇ ತಿಂಗ್ಳು. ಅಷ್ಟೊತ್ಗೆ ನಾನು ಬದುಕ್ಬೇಕು.”

“ಅನ್ನೆರಡ್ನೇ ದಿನ,” ಅಂದ ಮರಿಸಿದ್ದಯ್ಯ. ಎಲ್ಲಿಂದ ಬಂತೋ ಆ ಲೆಕ್ಕ. “ಅನ್ನೆರಡ್ನೇ ದಿನ ಬೆಳಿಗ್ಗೆ ಎದ್ದು ಎರಡು ಮುದ್ದೆ ತಿಂದೆ ಕಣ್ಲಾ. ಅಲ್ಲೀಗಂಟ ತಡ್ಕೊ.”

ಎರಡನೆಯ ದಿನ ಗುಳ್ಳೆಗಳು ಕಣ್ಣರೆಪ್ಪೆಯ ಮೇಲೂ ಎದ್ದವು. ಜ್ವರದ ಬಡಬಡಿಕೆಯಲ್ಲಿ ಬಾಬು ಜಾನ್ ಎರಡೂ ಕೈಯಿಂದ ಕಣ್ಣು ಕೆರೆದುಕೊಳ್ಳತೊಡಗಿದ. ಕೆರೆದರೆ ಕಣ್ಣು ಹೋಗುತ್ತದೆಂದು ಜವರಯ್ಯನವರು ಹೇಳಿದ್ದರು. “ಕೈ ತೆಗೀಲಾ! ತೆಗೀಲಾ ಕೈಯ!” ಎಂದು ಮರಿಸಿದ್ದಯ್ಯ ಹೊರಗಿನಿಂದ ಕೂಗಿದ, ಬಿದಿರಿನ ಗಳದಿಂದ ಕೈ ತಡೆಯಲು ನೋಡಿದ, ಗಳ ಜಾರಿ ಬಾಬು ಜಾನನ ಮೂಗಿಗೆ ತಗುಲಿತು. ಡ್ರೈವರಿಗೆ ಕಣ್ಣಿಲ್ಲದಿದ್ದರೆ ಇನ್ನೇನಿದೆ? ಮರಿಸಿದ್ದಯ್ಯ ಗಳವನ್ನು ಬಿಸಾಡಿ ಒಳಗೆ ನುಗ್ಗಿ, ಅವನ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು ಕೂತುಬಿಟ್ಟ. ಮಧ್ಯಾಹ್ನದವರೆಗೆ ಬಿಡಲಿಲ್ಲ. ಆಮೇಲೆ ಹೊಳೆಗೆ ಹೋಗಿ ಕೈ ತೊಳೆದ. ತೊಳೆದ ಕೈಯನ್ನು ನೋಡಿ ಮತ್ತೆ ತೊಳೆದ. ಏಳು ಸಲ ತೊಳೆದ ಮೇಲೆ ಮರಳಿನಲ್ಲೇ ಕೂತ.

ಮೂರನೆಯ ದಿನ ಬೆಳಿಗ್ಗೆ ಜವರಯ್ಯನವರು ಹೊಳೆ ದಾಟಿ ಬಂದಾಗ ಅವರನ್ನು ಹೊಂಗೆಮರದ ಹಿಂದೆ ಕರೆದುಕೊಂಡು ಹೋಗಿ, “ಸ್ವಾಮಿ, ನಂಗೆ ಅಮ್ಮ ಬಂದಿಲ್ಲ. ಇದು ಬೆಲ್ಲ,” ಎಂದು ಆಲೆಮನೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒದರಿದ.

ಜವರಯ್ಯನವರು ಬೈಯುತ್ತಾರೆಂದುಕೊಂಡಿದ್ದ. ಅವರು ಬೈಯಲಿಲ್ಲ. ಬೆರಳು ಮಡಿಸುತ್ತ ಲೆಕ್ಕ ಹಾಕಿದರು. ಅದು ಬೈಗುಳಕ್ಕಿಂತ ಹೆದರಿಕೆಯಾಗಿತ್ತು.

“ಮುಟ್ಟಿದ್ದು ಯಾವಾಗ?”

“ನೆನ್ನೆ.”

“ಇನ್ನೂ ಹೊತ್ತಿದೆ. ರೋಗ ಒಳಗೇ ಕಾವು ಕೂತು ಹೊರಗೆ ಬರೋಕೆ ಹತ್ತು ಹನ್ನೆರಡು ದಿನ ತಗೊಳ್ಳುತ್ತೆ. ನಾಳೆ ಒಳಗೆ ದಾಕು ಹಾಕಿದರೆ ಅದಕ್ಕಿಂತ ಮುಂಚೆ ಪಹರೆ ಎದ್ದು ನಿಂತೀತು. ತಡವಾದರೆ…” ಅವರು ಪೆಟ್ಟಿಗೆ ತೆರೆದರು. ಮದ್ದಿನ ಗಾಜಿನ ನಳಿಗೆಗಳೆಲ್ಲ ಖಾಲಿ. “ನೆನ್ನೆ ನಿಮ್ಮ ಸಾಲಿಗೆಲ್ಲಾ ಹಾಕಿದೆ. ಕೊನೇದು ನಿಂಗಯ್ಯನಿಗೆ. ಒಂದು ಹೋದರೆ ಇನ್ನೊಂದಿರಲಿ ಅಂತ ಎರಡೂ ತೋಳಿಗೆ ಹಾಕಿಸಿಕೊಂಡ.”

“ಮಂಡ್ಯದಿಂದ ಬಸ್ಸಲ್ಲಿ ತರ್ಸಿ ಸ್ವಾಮಿ!”

“ಬಸ್ಸು ಓಡಿಸೋನು ಒಳಗೆ ಮಲಗಿದ್ದಾನಲ್ಲೋ!”

ಜವರಯ್ಯನವರು ರೈಲಿಗೆಂದು ಸ್ಟೇಷನ್ನಿನ ಕಡೆ ಓಡಿದರು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ, ಒದ್ದೆ ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ತಲೆಯ ಮೇಲೆ ಹಿಡಿದು ಹೊಳೆ ದಾಟಿ ಬಂದರು. ಮತ್ತೆ ಹೊಂಗೆಮರ, ಮತ್ತೆ ಆ ನಾಲ್ಕು ಹಲ್ಲಿನ ಅಚ್ಚು. ಸಿಡುಬಿನವನನ್ನು ಎರಡು ದಿನ ತೊಡೆಯ ಮೇಲೆ ಮಲಗಿಸಿಕೊಂಡ ಧೀರ ಅಚ್ಚು ತಿರುಗಿದ ಕ್ಷಣ ಹಾಕಿದ ಕೂಗಿಗೆ ಹೊಳೆಯ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು.

“ಯಾರಣ್ಣಾ ಅದು ಕಿರುಚಿದ್ದು?” ಒಳಗಿನಿಂದ ಬಾಬು ಜಾನ್.

“ಕೊಕ್ಕರೆ ಕಣಪ್ಪ,” ಅಂದರು ಜವರಯ್ಯನವರು. “ಬೆಳ್ಳೂರಲ್ಲಿರೋ ಗೂಡಿನ ಕಡೆಗೆ ಹೋಗ್ತಿತ್ತು.” ಮರಿಸಿದ್ದಯ್ಯನ ಗುಟ್ಟನ್ನು ಅವರು ಕಾಪಾಡಿದ್ದು ಅವನ ಮಾನಕ್ಕಾಗಿ ಅಲ್ಲ. ತನ್ನಂತೆಯೇ ನರಳಿ ಗೆದ್ದವನೊಬ್ಬ ಪಕ್ಕದಲ್ಲಿದ್ದಾನೆ ಎಂಬ ಧೈರ್ಯದ ಮೇಲೆ ಬಾಬು ಜಾನ್ ಬದುಕುತ್ತಿದ್ದ.

ದಿನಗಳು ಉರುಳಿದವು. ಏಳನೆಯ ದಿನ ಬಾಬು ಜಾನನ ಗುಳ್ಳೆಗಳಲ್ಲಿ ಕೀವು ತುಂಬಿತು. ಒಂಬತ್ತನೆಯ ದಿನ ಅವನಿಗೆ ಮಾತೇ ನಿಂತಿತು. ಮರಿಸಿದ್ದಯ್ಯ ಹತ್ತಿ ಅದ್ದಿ ಅದ್ದಿ ತುಟಿಗೆ ನೀರು ಹಿಂಡುತ್ತ, ಬೆಲ್ಲದ ಪಾನಕ ಮಾಡಿ ಗುಟುಕು ಗುಟುಕಾಗಿ ಕುಡಿಸುತ್ತ, ಮಳವಳ್ಳಿ ದಾರಿಯ ಒಂದೊಂದು ಸ್ಟಾಪಿನ ಹೆಸರನ್ನೂ ಕೂಗಿ ಹೇಳುತ್ತ ಕೂತ. ಹನ್ನೊಂದನೆಯ ದಿನ ಗುಳ್ಳೆ ಒಣಗತೊಡಗಿದವು. ಹನ್ನೆರಡನೆಯ ದಿನ ಬೆಳಿಗ್ಗೆ ಬಾಬು ಜಾನ್ ಕಣ್ಣು ಬಿಟ್ಟು, “ಮುದ್ದೆ ಎಲ್ಲಣ್ಣಾ?” ಅಂದ.

ಮುದ್ದೆ ಕೊಡಬೇಕಾದವನು ಮೂಲೆಯಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ. ಮರಿಸಿದ್ದಯ್ಯನಿಗೆ ಜ್ವರ.

ಹಾಲು ಇಟ್ಟು ಹೋಗಲು ಹೊಳೆ ದಾಟಿ ಶೆಡ್ಡಿನ ಬಳಿಗೆ ಬಂದಿದ್ದ ನಿಂಗಯ್ಯ ಅದನ್ನು ಕಂಡುಬಿಟ್ಟ. ಹಾಲಿನ ಚೊಂಬನ್ನು ಅಲ್ಲೇ ಬಿಟ್ಟು ಓಡಿದ. ಗಳಿಗೆಯೊಳಗೆ ಊರಿಡೀ ಸುದ್ದಿ: ಅಮ್ಮ ಬಂದು ಹೋದವನಿಗೇ ಮತ್ತೆ ಅಮ್ಮ! ನಿಂಗಯ್ಯ ಹೋಟೆಲ್ಲಿನ ಬಾಗಿಲು ಹಾಕಿದ. ಜನ ಪಾತ್ರೆ ಪಡಗ ಗಾಡಿಗೆ ಹೇರತೊಡಗಿದರು. ಪಕ್ಕದ ಹಳ್ಳಿ ವೈದ್ಯನಾಥಪುರದಲ್ಲಿ ದಾಕು ಹಾಕಲು ಹೋಗಿದ್ದ ಜವರಯ್ಯನವರನ್ನು ಜನ ಅಡ್ಡಗಟ್ಟಿದರು.

“ಬಂದೋನ್ಗೇ ಮತ್ತೆ ಬತ್ತದೆ ಅಂದ್ರೆ ನಿಮ್ ದಾಕು ಏನ್ ಕಿಸೀತದೆ?” ಎಂದು ಒಬ್ಬ ಅವರ ಪೆಟ್ಟಿಗೆಯನ್ನೇ ಕಸಿದ. ಹೆಂಗಸರು ಮಕ್ಕಳನ್ನು ಒಳಗೆ ಹಾಕಿ ಚಿಲಕ ಹಾಕಿಕೊಂಡರು.

ಜವರಯ್ಯನವರು ನೇರವಾಗಿ ಶೆಡ್ಡಿಗೆ ಬಂದರು. ಮರಿಸಿದ್ದಯ್ಯನ ತೋಳು ನೋಡಿದರು. ಅಚ್ಚು ಹಾಕಿದ ಜಾಗದಲ್ಲಿ ಮುತ್ತಿನಂಥ ದೊಡ್ಡ ಗುಳ್ಳೆ, ನಡುವೆ ತಗ್ಗು, ಸುತ್ತ ಕೆಂಪು.

“ದಾಕು ಹಿಡಿದಿದೆ. ಇಂಥ ಗುಳ್ಳೆಯ ಜೊತೆಗೆ ಜ್ವರ ಬರೋದುಂಟು. ಆದರೆ ಸಿಡುಬಿನ ಜ್ವರವೂ ಇವತ್ತಿಗೇ ಬರಬೇಕು. ಮೂರು ದಿನ ಕಾಯೋಣ. ತೋಳಲ್ಲೇ ನಿಂತರೆ ಬದುಕಿದೆ. ಮುಖದ ಮೇಲೆ ಎದ್ದರೆ…” ಹಿಡಿದಿದ್ದ ತೋಳನ್ನು ಬಿಟ್ಟರು. “ಆದರೆ ಊರು ಕಾಯೋದಿಲ್ಲ ಮರಿಸಿದ್ದಯ್ಯ. ಈ ಜನ ಹೀಗೇ ಚೆದುರಿ ಹೋದರೆ ರೋಗವನ್ನ ಹತ್ತೂರಿಗೆ ಹೊತ್ತುಕೊಂಡು ಹೋಗ್ತಾರೆ. ನಾನು ಹೇಳಿದರೆ ನಂಬೋದಿಲ್ಲ. ನೀನೇ ಹೇಳಬೇಕು.”

ಮರಿಸಿದ್ದಯ್ಯ ಬಾಬು ಜಾನನ ಕಡೆ ನೋಡಿದ, ಹೊಳೆಯ ಕಡೆ ನೋಡಿದ. ಊರಿನ ಕಡೆಯ ದಡದಲ್ಲಿ ಜನ ಸೇರಿದ್ದರು. ಮುಂದೆ ಪುಟ್ಟಮಾದಮ್ಮ, ಅವಳ ಪಕ್ಕದಲ್ಲಿ ಹಾಜಿರಾ ಬೀ. ಅವನು ಬಿದಿರಿನ ಗಳ ಊರಿಕೊಂಡು ಎದ್ದ.

ನೀರಿನ ಅಂಚಿಗೆ ಬಂದು ಉಸಿರು ಎಳೆದು ಕೂಗಿದ. “ನಂಗೆ ಅಮ್ಮ ಬಂದಿರ್ನಿಲ್ಲ ಕಣ್ರಪ್ಪೋ! ಇದು ಬೆಲ್ಲಾ!”

“ಬೆಲ್ಲ ಕೇಳ್ತಾವ್ನೆ,” ಅಂದ ನಿಂಗಯ್ಯ. “ಪಾಪ, ಕೊನೇ ಆಸೆ ಇರ್ಬೇಕು. ಯಾರಾರ ತನ್ರೋ!”

“ಬೆಲ್ಲ ಬ್ಯಾಡ ಕಣ್ಲಾ ನಿಂಗಾ! ಬೆಲ್ಲದ್ ಪಾಕ ಸಿಡಿದಿದ್ದು! ಆಲೆಮನೇಲಿ ಕದಿಯಕ್ಕೋಗಿ ಮೊಕ ಸುಟ್ಕೊಂಡೆ! ಅಮ್ಮ ನನ್ ಅತ್ರಕ್ಕೇ ಬಂದಿರ್ನಿಲ್ಲ! ದಾಕಿನ್ ಭಯಕ್ಕೆ ಸುಳ್ ಯೋಳ್ದೆ! ಬಾಬುಗೂ ಆಗೈತೆ ಅಂತ ನಾನೇ ಯೋಳ್ದೆ, ಅವನ್ಗೆ ದಾಕು ತಪ್ಪಿಸ್ದೋನೂ ನಾನೇ! ಬಂದೋರ್ಗೆ ಮತ್ತೆ ಬರಾಕಿಲ್ಲ, ದಾಕು ಹಾಕ್ಸಿದೋರ್ಗೂ ಬರಾಕಿಲ್ಲ! ಗಾಡಿ ಇಳ್ಸಿ, ತೋಳು ಕೊಡ್ರಪ್ಪಾ!”

ದಡದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಯಾರೋ ನಕ್ಕರು. ನಗು ದಡದುದ್ದಕ್ಕೂ ಹಬ್ಬಿತು. ಗಾಡಿಯ ಮೇಲೆ ಹೇರಿದ್ದ ಹಂಡೆಗಳು ಒಂದೊಂದಾಗಿ ಕೆಳಗಿಳಿದವು. ನಿಂಗಯ್ಯ ಹೊಟ್ಟೆ ಹಿಡಿದುಕೊಂಡು ಮರಳಿನಲ್ಲಿ ಕೂತ. ನಗದಿದ್ದವರು ಇಬ್ಬರೇ. ಹಾಜಿರಾ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತೇ ಇದ್ದಳು. ಪುಟ್ಟಮಾದಮ್ಮ ಬೆನ್ನು ತಿರುಗಿಸಿ ಮನೆಯ ಕಡೆಗೆ ನಡೆದಳು.

ಶೆಡ್ಡಿನ ಬಾಗಿಲಲ್ಲಿ ಬಾಬು ಜಾನ್ ಗೋಡೆಗೆ ಒರಗಿ ಕೂತಿದ್ದ. ಎಲ್ಲ ಕೇಳಿಸಿತ್ತು.

“ಬೈಯಲಾ,” ಅಂದ ಮರಿಸಿದ್ದಯ್ಯ.

“ಎದ್ದು ನಿಲ್ಲಾಕೆ ಶಕ್ತಿ ಬರ್ಲಿ, ಬೈಯಾದಲ್ಲ, ಒದೀತೀನಿ,” ಅಂದ ಬಾಬು ಜಾನ್. “ಈಗ ಮಲಕ್ಕೋ. ನೀರ್ ನಾನ್ ಕೊಡ್ತೀನಿ.”

ಆ ಮೂರು ದಿನ ಬಾಬು ಜಾನ್ ಬೆಳಿಗ್ಗೆ ಸಂಜೆ ಸ್ನೇಹಿತನ ಮುಖವನ್ನು ಬಿಸಿಲಿಗೆ ತಿರುಗಿಸಿ, ಬೆರಳಿಟ್ಟು ಇಟ್ಟು ನೋಡಿದ. ಹೊಸ ಗುಳ್ಳೆ ಎದ್ದರೆ ಆ ಹಳೆಯ ಕುಳಿಗಳ ನಡುವೆ ಗುರುತು ಹಿಡಿಯುವುದೇ ಕಷ್ಟವಾಗಿತ್ತು.

“ಇದು ಅಳೇದಾ, ಒಸದಾ?”

“ಅಳೇದು.”

“ಇದು? ಮೂಗಿನ್ ಪಕ್ಕದ್ದು?”

“ಗೊತ್ತಿಲ್ಲ ಕಣ್ಲಾ,” ಅಂದ ಮರಿಸಿದ್ದಯ್ಯ. ಬಾಬು ಜಾನ್ ಉಸಿರು ಬಿಗಿಹಿಡಿದು ಒತ್ತಿ ನೋಡಿದ. ಸೊಳ್ಳೆ ಕಚ್ಚಿದ್ದು.

ಮೂರನೆಯ ದಿನ ಜ್ವರ ಬಿಟ್ಟಿತು. ಮುಖದಲ್ಲಿ ಏನೂ ಏಳಲಿಲ್ಲ. ಜವರಯ್ಯನವರು ಹೊಂಗೆಮರದಡಿ ಕೂತು ಒಂದು ಲೋಟ ನೀರು ಕುಡಿದು, ಪುಸ್ತಕದಲ್ಲಿ ಹಳೆಯ ಬರಹವನ್ನು ಹೊಡೆದುಹಾಕಿದರು. ವೈದ್ಯನಾಥಪುರದಲ್ಲಿ ಆ ಹೊತ್ತಿಗೆ ಎರಡು ನೂರು ಜನ ತೋಳು ಕೊಟ್ಟಿದ್ದರು.

ಮಧ್ಯಾಹ್ನ ಹೊಳೆಯಲ್ಲಿ ಯಾರೋ ನಡೆದು ಬರುವ ಸದ್ದಾಯಿತು. ಪುಟ್ಟಮಾದಮ್ಮ. ತಲೆಯ ಮೇಲೆ ಕುಕ್ಕೆ, ಮೊಣಕಾಲವರೆಗೆ ನೀರು. ಇನ್ನೂ ಬರಕೂಡದು ಎಂದು ಜವರಯ್ಯನವರು ತಡೆದರೆ, ಅವಳು ರವಿಕೆಯ ತೋಳು ಸರಿಸಿ ದಾಕಿನ ಗುಳ್ಳೆ ತೋರಿಸಿ ಅವರನ್ನು ದಾಟಿಕೊಂಡು ಹೋದಳು. ಗಂಡನ ಎದುರು ಕುಕ್ಕೆಯನ್ನು ಧಡಾರನೆ ಇಟ್ಟಳು. ಮರಿಸಿದ್ದಯ್ಯ ತಲೆ ಎತ್ತಲಿಲ್ಲ.

“ನಮ್ಮಪ್ಪ ಸಾಯೋಗಂಟ ನಂಬ್ಕೊಂಡಿದ್ದ ನಿನ್ನ,” ಅಂದಳು.

“ತಪ್ಪಾಯ್ತು ಕಣಮ್ಮಿ.”

“ಊರೆಲ್ಲಾ ನಗ್ತಾ ಅವ್ರೆ.”

“ನಗ್ಲಿ ಬುಡು.”

ಅವಳು ಅವನ ತೋಳನ್ನು ಎಳೆದು, ಒಣಗುತ್ತಿದ್ದ ಆ ಗುಳ್ಳೆಯನ್ನು ಬಹಳ ಹೊತ್ತು ನೋಡಿದಳು. ಮೂರು ದಿನದಿಂದ ಮನೆಯಲ್ಲಿ ಒಬ್ಬಳೇ ಕೂತು ಎಷ್ಟೋ ಬೈಗುಳ ಜೋಡಿಸಿಟ್ಟುಕೊಂಡು ಬಂದಿದ್ದವಳು ಕೇಳಿದ್ದು ಬೇರೆ.

“ಅಲ್ಲ, ನಿಂಗೆ ಅಮ್ಮ ಬಂದಿರ್ನಿಲ್ಲ ಅಂತ ನಿಂಗೆ ಗೊತ್ತಿತ್ತು.”

“ಊಂ.”

“ಗೊತ್ತಿದ್ದೂ ಒಳಕ್ಕೋದ್ಯಾ?”

ಮರಿಸಿದ್ದಯ್ಯನಿಗೆ ಇದೂ ಒಂದು ತಪ್ಪಿರಬೇಕೆಂದು ಅನ್ನಿಸಿತು. “ಕಣ್ಣು ಕೆರ್ಕೊತಿದ್ದ ಕಣಮ್ಮಿ,” ಅಂದ ಗಾಬರಿಯಿಂದ. “ನಾನೇನ್ ಮಾಡ್ಲಿ?”

ಪುಟ್ಟಮಾದಮ್ಮ ಕುಕ್ಕೆಯಿಂದ ಎರಡು ಮುದ್ದೆ ತೆಗೆದು ಒಂದನ್ನು ಬಾಬು ಜಾನನ ತಟ್ಟೆಗೆ ಹಾಕಿದಳು. ಇನ್ನೊಂದನ್ನು ಗಂಡನ ಮುಂದಿಟ್ಟು, ಸಾರು ಬಿಟ್ಟು, ಅವನು ತಿನ್ನುವವರೆಗೂ ಅಲ್ಲೇ ಮರಳಿನ ಮೇಲೆ ಅವನಿಗೆ ಒತ್ತಿಕೊಂಡು ಕೂತಳು.